ಗುಡ್ಡಪ್ಪನ ಕತ್ತು

ಸೇಲಂ
22-4-1996

ಪುಷ್ಪಾ ಅತ್ತಿಗೆಗೆ ಕಮಲಿನಿ ಬರೆಯುವುದು,

ಕ್ಷೇಮ ಸಮಾಚಾರದಲ್ಲೇ ಅರ್ಧ ಕಾಗದ ಮುಗಿಸುತ್ತೀಯೆಂದು ಹೋದ ಸಲ ಬೈದಿದ್ದಿರಿ. ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ. ಹರಿಗೆ ಶಾಲೆ ಮುಗಿಯಿತು. ಭಾನುವಾರ ಇವರು ಅವನನ್ನು ಕೊಳತ್ತೂರು ಬಸ್ಸಿನಲ್ಲಿ ಕರೆದುಕೊಂಡು ಬಂದು ನಿಮ್ಮಲ್ಲಿ ಬಿಟ್ಟು, ಅಂದೇ ವಾಪಸು ಬರುತ್ತಾರೆ. ಶಾಲೆ ತೆರೆಯುವವರೆಗೆ ನಿಮ್ಮ ಸೋದರಳಿಯ ನಿಮ್ಮ ಪಾಲಿಗೆ. ಎಂಟು ವರ್ಷದವನನ್ನು ನಾನಿಲ್ಲದೆ ಇಷ್ಟು ದಿನ ಬಿಡುತ್ತಿರುವುದು ಇದೇ ಮೊದಲು. ಆಫೀಸಿನಲ್ಲಿ ಆಡಿಟ್ ಇದೆ, ರಜೆ ಕೇಳಿದರೆ ಮೇಲಧಿಕಾರಿ ಮುಖ ಗಂಟು ಹಾಕುತ್ತಾರೆ.

ಹೆದರಬೇಡಿ, ಹೋದ ವರ್ಷ ನಿಮ್ಮ ಹಂಚಿನ ಮೇಲೆ ಹತ್ತಿ ಕೂತಿದ್ದ ಹರಿ ಅಲ್ಲ ಇವನು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ ಹುಡುಗ ಜನವರಿಯಿಂದ ಒಂದು ಕಡೆ ಕೂರುತ್ತಾನೆ. ಬರೆಯಲು ಕೊಟ್ಟದ್ದನ್ನು ಮುಗಿಸಿಯೇ ಏಳುತ್ತಾನೆ. ಟೀಚರು ಮೊದಲ ಸಲ ಅವನ ಪುಸ್ತಕದಲ್ಲಿ ‘ಗುಡ್’ ಎಂದು ಬರೆದಾಗ ನಾನು ಆ ಪುಟವನ್ನು ಆಫೀಸಿಗೆ ತೆಗೆದುಕೊಂಡು ಹೋಗಿ ಎಲ್ಲರಿಗೂ ತೋರಿಸಿದೆ. ನಗುತ್ತೀರಿ, ನಗಿ.

ಶಕ್ತಿಗೆಂದು ಡಾಕ್ಟರು ಒಂದು ಮಾತ್ರೆ ಬರೆದಿದ್ದಾರೆ. ಡಬ್ಬಿ ಅವನ ಬಟ್ಟೆಯ ಚೀಲದಲ್ಲಿದೆ. ಬೆಳಿಗ್ಗೆ ತಿಂಡಿಯಾದ ಮೇಲೆ ತಪ್ಪದೆ ಒಂದು ಕೊಡಿ. ಸಂಜೆ ಬೇಡ, ನಿದ್ದೆ ಹಾರಿಹೋಗುತ್ತದೆ. ಅತ್ತೆಯವರಿಗೆ ಹೇಳುವ ಅಗತ್ಯವಿಲ್ಲ, ಇಂಗ್ಲಿಷ್ ಮಾತ್ರೆ ಎಂದರೆ ಅವರಿಗೆ ಆಗದು.

ಈಚೆಗೆ ಕಣ್ಣು ಸ್ವಲ್ಪ ಮಿಟುಕಿಸುತ್ತಾನೆ. ಟೀವಿಯ ಮುಂದೆ ಕೂತು ಬಂದ ಅಭ್ಯಾಸ. ಗಮನ ಕೊಡಬೇಡಿ, ತಾನೇ ಬಿಟ್ಟುಹೋಗುತ್ತದೆ.

ನಿಮ್ಮ ತಮ್ಮನಿಗೆ ಕನ್ನಡ ಮಾತು ಬರುತ್ತದೆ, ಓದಲು ಒಂದಕ್ಷರವೂ ಬಾರದು. ನಮ್ಮಿಬ್ಬರ ಮಾತಿಗೆ ಅದೇ ಬೀಗ. ಹರಿ ತಿಂದದ್ದು, ಬಿದ್ದದ್ದು, ಅತ್ತದ್ದು ಎಲ್ಲವನ್ನೂ ಬರೆಯಿರಿ.

ಕಮಲಿನಿ


ಕೊಳತ್ತೂರು ದಾರಿ
20-5-1996

ಕಮಲೀ,

ನಿನ್ನ ಮಗ ಚೆನ್ನಾಗಿದ್ದಾನೆ. ಮೊದಲ ಸಾಲಿನಲ್ಲೇ ಇದನ್ನು ಬರೆಯದಿದ್ದರೆ ನೀನು ಆಫೀಸಿನಲ್ಲಿ ಎದೆ ಹಿಡಿದುಕೊಂಡು ಕೂರುತ್ತೀ ಎಂದು ಗೊತ್ತು. ಕಾಗದ ತಡವಾದದ್ದಕ್ಕೆ ಕಾರಣ ಸೋಮಾರಿತನವಲ್ಲ. ಮೇಟ್ಟೂರು ಡ್ಯಾಮಿನ ನೀರು ಇಳಿದು ಮಣ್ಣು ಬಿಟ್ಟಿದೆ. ಎಲ್ಲಪ್ಪ ಚಿಕ್ಕಪ್ಪನ ಜೊತೆ ಆ ಒದ್ದೆ ನೆಲಕ್ಕೆ ಎಳ್ಳು ಚೆಲ್ಲುವ ಕೆಲಸದಲ್ಲಿ ಸೊಂಟ ಬಿದ್ದುಹೋಯಿತು. ಗಂಡ ಸತ್ತು ತವರಿಗೆ ಬಂದವಳನ್ನು ಈ ಮನೆಯಲ್ಲಿ ಕೂರಿಸಿ ಉಣ್ಣಿಸುತ್ತಾರೆ ಎಂದು ಯಾರಾದರೂ ನಿನಗೆ ಹೇಳಿದ್ದರೆ ನಂಬಬೇಡ.

ಶಕ್ತಿ ಮಾತ್ರೆ ತಪ್ಪದೆ ಕೊಡುತ್ತಿದ್ದೇನೆ. ಊಟ ಮಾತ್ರ ಕೋಳಿ ಕೆದಕಿದ ಹಾಗೆ. ಅದೆಂಥ ಶಕ್ತಿಯೋ, ಹುಡುಗ ಇಳಿದುಹೋಗಿದ್ದಾನೆ.

ಈಗ ಮುಖ್ಯ ಸಂಗತಿ. ಕೂತುಕೊಂಡು ಓದು.

ಶುಕ್ರವಾರ ಅಮಾವಾಸ್ಯೆಗೆ ಮುನಿಯಪ್ಪನ ಪೂಜೆ ಇತ್ತು. ಈ ಮನೆತನದಲ್ಲಿ ದೇವರು ಮೈಮೇಲೆ ಬರುವ ಗುಡ್ಡಪ್ಪನನ್ನು ನಾವು ಆರಿಸುವುದಿಲ್ಲ, ಮುನಿಯಪ್ಪನೇ ಆರಿಸಬೇಕು. ಅದು ನಿನಗೆ ಗೊತ್ತು. ಅಪ್ಪ ಹೋದ ಮೇಲೆ ಅವರ ಬೆತ್ತ ಹುಣಸೆಮರದ ಕಟ್ಟೆಯ ಮೇಲೆ ಹಾಗೇ ಬಿದ್ದಿತ್ತು. ಅಂದು ಮಂಗಳಾರತಿಯ ಹೊತ್ತಿಗೆ ಹರಿ ನನ್ನ ಪಕ್ಕ ನಿಂತಿದ್ದ. ಮೊದಲು ಕಣ್ಣು ಪಟಪಟ ಬಡಿದುಕೊಂಡಿತು. ಆಮೇಲೆ ಕತ್ತು ಎಡಕ್ಕೆ ಝಾಡಿಸಿ ಎಳೆಯಿತು. ಗಂಟಲಿನಿಂದ ‘ಹುಂ’ ಎಂದು ಒಂದು ಸದ್ದು. ಬಿಟ್ಟು ಮತ್ತೆ ಬಂತು. ತಮಟೆಯವನು ಬಾರಿಸುವುದನ್ನು ನಿಲ್ಲಿಸಿಬಿಟ್ಟ.

ಅವ್ವ ಮಗುವಿನ ಪಾದದ ಮೇಲೆ ಬಿದ್ದಳು. “ಅದೇ ಕತ್ತು ಕಣವ್ವ, ಅದೇ ಎಡಕ್ಕೇ ಎಳೀತೈತೆ. ನಿಮ್ಮಪ್ಪ ಬಂದವ್ರೆ,” ಎಂದಳು.

ನನಗೂ ಮೈ ಝುಂ ಎಂದಿತು, ಸುಳ್ಳೇಕೆ ಹೇಳಲಿ. ಅಪ್ಪನಿಗೂ ಥೇಟ್ ಹೀಗೇ. ಅಮಾವಾಸ್ಯೆಗೆ ಮಾತ್ರವಲ್ಲ, ಉಣ್ಣಲು ಕೂತರೂ ಎತ್ತು ಹೂಡಿದರೂ ದೇವರು ಅವರನ್ನು ಬಿಡುತ್ತಿರಲಿಲ್ಲ. ನೀನು ಸೊಸೆಯಾಗಿ ಬರುವ ಹೊತ್ತಿಗೆ ಅವರು ಪಾರ್ಶ್ವವಾಯು ಹೊಡೆದು ಮಲಗಿದ್ದರು, ನೀನು ಅವರ ಒಳ್ಳೆಯ ದಿನಗಳನ್ನು ನೋಡಲಿಲ್ಲ.

ಹುಣ್ಣಿಮೆಗೆ ಹರಿಯ ಕೈಗೆ ಬೆತ್ತ ಕೊಟ್ಟು ಕಡಗ ತೊಡಿಸುವುದೆಂದು ಚಿಕ್ಕಪ್ಪ ಬಂಧುಗಳಿಗೆಲ್ಲ ಹೇಳಿ ಕಳಿಸಿದ್ದಾನೆ. ಅವ್ವ ಇಷ್ಟು ವರ್ಷದ ಮೇಲೆ ನಗುವುದನ್ನು ನೋಡಿದೆ. ನೀವಿಬ್ಬರೂ ಬರಲೇಬೇಕು.

ಪುಷ್ಪ


ಸೇಲಂ
25-5-1996

ಅತ್ತಿಗೆ,

ನಿಮ್ಮ ಕಾಗದ ಈಗ ಬಂತು. ಟಪಾಲು ಹೊರಡುವ ಮೊದಲು ಇದನ್ನು ಹಾಕಬೇಕು, ಆದ್ದರಿಂದ ಬರವಣಿಗೆ ಹೇಗಿದ್ದರೂ ಓದಿಕೊಳ್ಳಿ.

ದಯವಿಟ್ಟು ಬೆತ್ತ ಕೊಡಿಸಬೇಡಿ. ಅದು ದೇವರಲ್ಲ. ಆ ಮಾತ್ರೆಯಿಂದ ಆಗುತ್ತಿರುವುದು.

ಅದು ಶಕ್ತಿಯ ಮಾತ್ರೆಯೂ ಅಲ್ಲ. ಹರಿಯ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ, ಅದೊಂದು ತೊಂದರೆ, ಅದಕ್ಕೆ ಹೆಸರೂ ಔಷಧಿಯೂ ಇದೆ ಎಂದು ಮನಸ್ಸಿನ ಡಾಕ್ಟರು ಹೇಳಿದರು. ಅವರ ಬಳಿ ಹೋಗಿದ್ದೆವು ಎಂದು ಬರೆಯಲು ನನಗೆ ಧೈರ್ಯ ಬರಲಿಲ್ಲ. ಊರಿನಲ್ಲಿ ಹುಚ್ಚಿನ ಮಾತ್ರೆ ಎನ್ನುತ್ತಾರೆ, ನನ್ನ ಮಗನ ಹೆಸರಿನ ಜೊತೆ ಆ ಪದ ಅಂಟಿಕೊಂಡರೆ ಹೋಗುವುದಿಲ್ಲ. ಕೆಲವು ಮಕ್ಕಳಿಗೆ ಇದರಿಂದ ಕಣ್ಣು, ಕತ್ತು, ಭುಜ ತಾನಾಗಿ ಎಳೆಯಬಹುದು, ಹಾಗಾದರೆ ಕೂಡಲೇ ಬನ್ನಿ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಕಣ್ಣು ಮಿಟುಕಿಸಲು ಶುರುಮಾಡಿದಾಗ ಹೋಗಬೇಕಿತ್ತು. ಹೋದರೆ ಮಾತ್ರೆ ನಿಲ್ಲಿಸುತ್ತಾರೆ, ನಿಲ್ಲಿಸಿದರೆ ಮತ್ತೆ ಹಳೆಯ ಹರಿ, ಮತ್ತೆ ಶಾಲೆಯಿಂದ ದೂರು. ಟೀವಿಯ ಅಭ್ಯಾಸ ಎಂದು ನನಗೆ ನಾನೇ ಹೇಳಿಕೊಂಡೆ.

ಇಂದಿನಿಂದಲೇ ಮಾತ್ರೆ ನಿಲ್ಲಿಸಿ. ಇವರು ಹುಣ್ಣಿಮೆಯ ದಿನವೇ ಬಂದು ಕರೆದುಕೊಂಡು ಬರುತ್ತಾರೆ. ಅತ್ತೆಯವರಿಗೆ ನೀವು ಹೇಗಾದರೂ ತಿಳಿಸಿ ಹೇಳಿ. ನಿಮ್ಮ ಮಾತು ಅವರು ಕೇಳುತ್ತಾರೆ.

ಕಮಲಿನಿ


ಕೊಳತ್ತೂರು ದಾರಿ
4-6-1996

ಕಮಲಿನಿ,

ನಿನ್ನ ಕಾಗದ ಹುಣ್ಣಿಮೆಯ ಹಿಂದಿನ ದಿನ ಬಂತು. ಅಷ್ಟು ಹೊತ್ತಿಗೆ ಕಂಬೈನಲ್ಲೂರಿನಿಂದ ಬೀಗರು ಬಂದು ಇಳಿದಿದ್ದರು. ಅಂಗಳದಲ್ಲಿ ಒಲೆ ಹೂಡಿಯಾಗಿತ್ತು. ಅವ್ವ ಅಪ್ಪನ ಬೆತ್ತಕ್ಕೆ ಎಣ್ಣೆ ಹಚ್ಚುತ್ತಾ ಕೂತಿದ್ದಳು. ನಾನು ಅವಳ ಎದುರು ಎರಡು ಸಲ ಹೋಗಿ ನಿಂತೆ. ಎರಡು ಸಲವೂ ತಿರುಗಿ ಬಂದೆ. ಹೇಳುವುದಾದರೂ ಏನನ್ನು? ನಿನ್ನ ದೇವರು ಒಂದು ಡಬ್ಬಿಯಲ್ಲಿ ಬಂದ, ದಿನಾ ಬೆಳಿಗ್ಗೆ ಅವನನ್ನು ನುಂಗಿಸಿದವಳು ನಾನು ಎಂದೇ?

ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ಶಕ್ತಿಗೆ ಎಂದು ನಂಬಿ ಮಗುವಿನ ಬಾಯಿಗೆ ಹಾಕಿದೆ. ನೀನು ನಿಜ ಹೇಳಿದ್ದರೆ ಕಣ್ಣು ಬಡಿದ ದಿನವೇ ನಿಲ್ಲಿಸುತ್ತಿದ್ದೆ. ಹುಚ್ಚು ಎಂದು ನಾನು ಅನ್ನುತ್ತಿದ್ದೆನೇ? ಹತ್ತು ವರ್ಷ ನನಗೆ ಕಾಗದ ಬರೆದು ನೀನು ತಿಳಿದುಕೊಂಡದ್ದು ಇಷ್ಟೇ ಏನು?

ಬೆತ್ತ ಕೊಟ್ಟಾಯಿತು. ಕಡಗ ತೊಡಿಸಿಯಾಯಿತು. ತಮ್ಮ ಅಂದು ಬೆಳಿಗ್ಗೆಯ ಬಸ್ಸಿಗೇ ಬಂದಿದ್ದ. ಎಷ್ಟಾದರೂ ಓದಿದವನು, ತಡೆಯುತ್ತಾನೆ ಎಂದುಕೊಂಡೆ. ಮಗನ ಕತ್ತು ಎಡಕ್ಕೆ ಎಳೆದದ್ದನ್ನು ನೋಡಿ ಅವನ ಮುಖ ಸುಣ್ಣದಂತಾಯಿತು. ಆಮೇಲೆ ಎಲ್ಲರಿಗಿಂತ ಮೊದಲು ಅವನೇ ಕೈ ಮುಗಿದ.

ಇನ್ನೊಂದು ಮಾತು, ಇದನ್ನು ಬರೆಯದಿದ್ದರೆ ನನಗೆ ನಿದ್ದೆ ಬಾರದು. ಅಷ್ಟು ಜನ ಸುತ್ತ ಕೂತು ಹರಿಯನ್ನೇ ನೋಡುತ್ತಿದ್ದರು, ಒಬ್ಬರೂ ಗದರಲಿಲ್ಲ. ಅವನಿಗೆ ಅದು ಹೊಸದು. ಮುಖದಲ್ಲಿ ಅಂಥ ಕಳೆ ನಾನು ಕಂಡಿರಲಿಲ್ಲ. ಸಂಜೆ ನನ್ನ ತೊಡೆಯ ಮೇಲೆ ತಲೆಯಿಟ್ಟು ತಮಿಳಿನಲ್ಲೇ ಕೇಳಿದ: “ಪುಷ್ಪತ್ತೆ, ಎನಕ್ಕುಳ್ಳೆ ತಾತ ಇರುಕ್ಕಾರಾ?” ನನ್ನೊಳಗೆ ತಾತ ಇದಾರಾ ಎಂದು. ನಾನು ಅವನ ತಲೆ ಸವರಿದೆ.

ಕಡಗವನ್ನು ತಾನಾಗಿ ತೆಗೆಯಬಾರದು. ಅವ್ವ ಆಣೆ ಹಾಕಿಸಿದ್ದಾಳೆ.

ಪುಷ್ಪ


ಸೇಲಂ
14-8-1996

ಅತ್ತಿಗೆ,

ನೀವು ಬೈದದ್ದು ಸರಿಯಾಗಿಯೇ ಇತ್ತು. ಉತ್ತರ ಬರೆಯಲು ಎರಡು ಸಲ ಕೂತು ಹರಿದುಹಾಕಿದೆ.

ಡಾಕ್ಟರ ಹತ್ತಿರ ಹೋಗಿ ಬಂದೆವು. ಮಾತ್ರೆ ಪೂರ್ತಿ ನಿಂತಿದೆ. ಮಾತ್ರೆಯಿಂದ ಬಂದದ್ದಾದರೆ ಕೆಲವು ವಾರ ಅಥವಾ ತಿಂಗಳಲ್ಲಿ ಇಳಿಯಬೇಕು, ಕಾದು ನೋಡೋಣ ಎಂದರು. ಕೆಲವು ಮಕ್ಕಳಿಗೆ ಇದು ರಕ್ತದಲ್ಲೇ ಬರುತ್ತದಂತೆ. ನಿಮ್ಮಿಬ್ಬರ ಮನೆತನಗಳಲ್ಲಿ ಹೀಗೆ ಕಣ್ಣು, ಕತ್ತು ಎಳೆಯುವವರು ಯಾರಾದರೂ ಇದ್ದರೇ ಎಂದು ಕೇಳಿದರು. ಮಾತ್ರೆ ಬರೆಯುವ ಮುಂಚೆ, ಮೊದಲ ದಿನವೂ ಇದನ್ನೇ ಕೇಳಿದ್ದರು. ಕೊಳ್ಳೇಗಾಲದಲ್ಲಿ ನನ್ನ ಕಡೆಯ ಸೋದರತ್ತೆ, ದೊಡ್ಡಪ್ಪ ಎಲ್ಲರನ್ನೂ ಮನಸ್ಸಿನಲ್ಲಿ ನಿಲ್ಲಿಸಿ ನೋಡಿದೆ. ಯಾರಿಗೂ ಇಲ್ಲ. ಇವರು ಎರಡು ಸಲವೂ ಒಂದೇ ಉತ್ತರ ಕೊಟ್ಟರು, “ನಮ್ಮ ಮನೇಲಿ ಯಾರಿಗೂ ಇಲ್ಲ ಡಾಕ್ಟರ್.” ಅಲ್ಲಿಗೆ ಪ್ರಶ್ನೆ ಮುಗಿಯಿತಲ್ಲ. ರಕ್ತದಿಂದ ಬಂದದ್ದಲ್ಲವೆಂದರೆ ಮಾತ್ರೆಯಿಂದ ಬಂದದ್ದು. ಮಾತ್ರೆ ಕೊಟ್ಟವಳು ನಾನು. ಮನಸ್ಸಿನ ಡಾಕ್ಟರ ಹತ್ತಿರ ಹೋಗೋಣ ಎಂದು ಹಟ ಹಿಡಿದವಳೂ ನಾನೇ.

ಇವರು ಜಗಳವಾಡುವುದಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. ಹರಿಯ ಕತ್ತು ಎಳೆದಾಗಲೆಲ್ಲ ನನ್ನ ಮುಖ ನೋಡುತ್ತಾರೆ, ಅಷ್ಟೇ. ಒಂದು ದಿನ ಮಾತ್ರ “ನಿನ್ನ ಕೈಯಾರೆ ಕೊಟ್ಟದ್ದು” ಎಂದು ಹೇಳಿ ಎದ್ದು ಹೋದರು.

ಶಾಲೆಯಲ್ಲಿ ಈಗ ಎರಡು ಕಷ್ಟ. ಮಾತ್ರೆ ಇಲ್ಲದೆ ಹುಡುಗ ಮತ್ತೆ ಬೆಂಚಿನಿಂದ ಬೆಂಚಿಗೆ ಹಾರುತ್ತಾನೆ. ಅದರ ಮೇಲೆ ಗಂಟಲಿನ ಆ ಸದ್ದು. ಟೀಚರು ಬೇಕೆಂದೇ ಮಾಡುತ್ತಾನೆ ಎಂದು ಹೊರಗೆ ನಿಲ್ಲಿಸುತ್ತಾರೆ. ಹುಡುಗರು ಅವನ ಹಿಂದೆ ಹಿಂದೆ ಕತ್ತು ಕುಣಿಸುತ್ತಾ ಬಸ್ ಸ್ಟಾಪಿನವರೆಗೆ ಬರುತ್ತಾರೆ. ಕಡಗ ತೆಗೆಯಲು ಹೇಳಿದರೆ ಕಚ್ಚಲು ಬರುತ್ತಾನೆ. ತಾತ ಹೊರಟುಹೋಗುತ್ತಾರಂತೆ.

ನನ್ನ ಮೇಲೆ ಸಿಟ್ಟು ಇಳಿದಿದ್ದರೆ ಒಂದು ಸಾಲು ಬರೆಯಿರಿ.

ಕಮಲಿನಿ


ಕೊಳತ್ತೂರು ದಾರಿ
4-11-1996

ಕಮಲೀ,

ದೀಪಾವಳಿಗೆ ರವೆ ಉಂಡೆ ಮಾಡಿ ಸೇಲಂಗೆ ಹೊರಟಿದ್ದ ಚಿಕ್ಕಪ್ಪನ ಕೈಯಲ್ಲಿ ಕಳಿಸಿದ್ದೇನೆ. ಒಂದಿಷ್ಟು ಪುಡಿಯಾಗಿರಬಹುದು, ಚಿಕ್ಕಪ್ಪ ಎಲ್ಲಿ ಕೂತರೂ ಚೀಲದ ಮೇಲೆಯೇ ಕೂರುವ ಮನುಷ್ಯ. ಕಡಲೆಕಾಯಿ ಈ ಸಲ ಪರವಾಗಿಲ್ಲ. ಅವ್ವನ ಮಂಡಿ ನೋವು ಹಾಗೇ ಇದೆ. ಡ್ಯಾಮು ತುಂಬಿ ಎಳ್ಳಿನ ನೆಲ ಮುಳುಗಿತು.

ಸಿಟ್ಟು ಯಾವಾಗಲೋ ಇಳಿಯಿತು. ಬರೆಯಲು ಕೂತರೆ ಕೈ ಓಡಲಿಲ್ಲ.

ಡಾಕ್ಟರು ಹೇಳಿದ್ದೆಲ್ಲ ಸರಿಯಿರಬೇಕು. ನಮಗೇನು ಗೊತ್ತು? ಹರಿಯನ್ನು ಹೊಡೆಯಬೇಡ. ನೀನೂ ಹೊತ್ತಿಗೆ ಸರಿಯಾಗಿ ಉಣ್ಣು.

ಪುಷ್ಪ


ಸೇಲಂ
20-1-1997

ಅತ್ತಿಗೆ,

ಉಂಡೆ ತಲುಪಿತು, ತಿಂದೆವು. ನಾನು ಅಷ್ಟೆಲ್ಲ ಬರೆದದ್ದಕ್ಕೆ ನೀವು ಕಡಲೆಕಾಯಿಯ ಸುದ್ದಿ ಬರೆದಿರಿ. ನೀವೂ ನನ್ನನ್ನು ಬಿಟ್ಟಿರಿ ಎಂದುಕೊಂಡೆ. ಹಾಗಲ್ಲದಿದ್ದರೆ ಕ್ಷಮಿಸಿ, ಈಗೀಗ ನನಗೆ ಎಲ್ಲರ ಮಾತೂ ಹಾಗೇ ಕೇಳಿಸುತ್ತದೆ.

ನವೆಂಬರಿನಲ್ಲಿ ಹರಿಯ ಕತ್ತು ಹೆಚ್ಚುಕಡಿಮೆ ನಿಂತೇಹೋಗಿತ್ತು. ದೇವರ ಮುಂದೆ ದೀಪ ಹಚ್ಚಿ ಅತ್ತುಬಿಟ್ಟೆ. ಅವನಿಗೆ ಮಾತ್ರ ಸಂತೋಷವಿರಲಿಲ್ಲ. ಕನ್ನಡಿಯ ಮುಂದೆ ನಿಂತು ತಾನೇ ಕತ್ತು ಎಡಕ್ಕೆ ಎಳೆದು ನೋಡಿಕೊಳ್ಳುತ್ತಿದ್ದ. ಪೊಂಗಲ್‌ಗೆ ಅಜ್ಜಿ ಬರುತ್ತಾರೆ ಎಂದು ಗೊತ್ತಾದಾಗ ಅಡುಗೆಮನೆಗೆ ಬಂದು ನನ್ನ ಸೆರಗು ಹಿಡಿದುಕೊಂಡ. “ಆ ಮಾತ್ರೆ ಕೊಡಮ್ಮ. ಅಜ್ಜಿ ಬಂದಾಗ ತಾತ ಬರ್ಲಿಲ್ಲಾಂದ್ರೆ ಅವ್ರು ಅಳ್ತಾರೆ,” ಎಂದ.

ಕೊಡಲಿಲ್ಲ. ಅತ್ತಿಗೆ, ಮುನಿಯಪ್ಪನಾಣೆ ನಾನು ಕೊಡಲಿಲ್ಲ. ಆದರೂ ಪೊಂಗಲ್ ವಾರದಲ್ಲಿ ಅದು ತಾನಾಗಿ ತಿರುಗಿ ಬಂತು. ಮೊದಲಿಗಿಂತ ಜೋರಾಗಿ ಬಂತು, ಜೊತೆಗೆ ಭುಜವೂ ಕುಣಿಯುತ್ತಿದೆ. ಅತ್ತೆಯವರು ಕೈ ಮುಗಿದು ಊರಿಗೆ ಹೋದರು. ನಾನು ಗುಟ್ಟಾಗಿ ಮಾತ್ರೆ ಕೊಟ್ಟೆ ಎಂದು ಇವರಿಗೆ ಅನುಮಾನ. ಡಬ್ಬಿಗಳನ್ನೆಲ್ಲ ತೆಗೆದು ಹುಡುಕಿದರು. ಅವರು ಹುಡುಕುವುದನ್ನು ನೋಡಿದ ಮೇಲೆ ಹರಿಯೂ ಕಲಿತುಕೊಂಡ. ನಾನು ತುತ್ತು ಕೊಟ್ಟರೆ ಬಿಡಿಸಿ ನೋಡಿ, ಇದರಲ್ಲಿ ಏನಾದರೂ ಹಾಕಿದ್ದೀಯಾ ಎಂದು ಕೇಳುತ್ತಾನೆ.

ಮಾತ್ರೆ ಬಿಟ್ಟು ಇಷ್ಟು ತಿಂಗಳಾದ ಮೇಲೂ ಬಂತು ಎಂದರೆ ಏನರ್ಥ? ಒಳಗೆ ಏನನ್ನೋ ಶಾಶ್ವತವಾಗಿ ಕೆಡಿಸಿಬಿಟ್ಟಿದ್ದೇನೆ. ಒಂದು ‘ಗುಡ್’ಗಾಗಿ.

ಶಾಲೆಯವರು ಈ ವರ್ಷ ಪಾಸು ಹಾಕುತ್ತೇವೆ, ಇನ್ನು ಕಳಿಸಬೇಡಿ ಎಂದರು. ಇವರು ತೀರ್ಮಾನ ಮಾಡಿದ್ದಾರೆ. ಹರಿಯನ್ನು ಊರಿನಲ್ಲಿ ಅವರ ಅವ್ವನ ಹತ್ತಿರ ಬಿಟ್ಟು ಕೊಳತ್ತೂರಿನ ಶಾಲೆಗೆ ಹಾಕುತ್ತಾರಂತೆ. ರಜೆಗಲ್ಲ, ಇನ್ನು ಅಲ್ಲೇ. “ನಿನ್ನ ಕೈಯಲ್ಲಿ ಬೇಡ” ಎಂದರು. ಎದುರು ಮಾತಾಡಲು ನನ್ನ ಹತ್ತಿರ ಏನಿದೆ? ತಾಯಿಯ ಕೈಯಿಂದ ಮಗುವನ್ನು ತೆಗೆದುಕೊಳ್ಳುವುದು ಅನ್ಯಾಯ ಎನ್ನಬಹುದಿತ್ತು. ಆ ಕೈ ಏನು ಮಾಡಿತೆಂದು ನನಗೇ ಗೊತ್ತಿರುವಾಗ ಹೇಗೆ ಅನ್ನಲಿ?

ಕಮಲಿನಿ


ಕೊಳತ್ತೂರು ದಾರಿ
9-2-1997

ನನ್ನ ಕಮಲಿಗೆ,

ನಿನ್ನ ಕಾಗದ ಓದಿ ಎರಡು ದಿನ ಅವ್ವನ ಮುಖ ನೋಡಲಿಲ್ಲ. ಮೂರನೆಯ ದಿನ ಅವಳು ತಾರಮಂಗಲಂ ದೇವಸ್ಥಾನಕ್ಕೆಂದು ಹೋದಳು. ಮನೆಯಲ್ಲಿ ಯಾರೂ ಇಲ್ಲ. ಈಗ ಬರೆಯದಿದ್ದರೆ ಯಾವತ್ತೂ ಬರೆಯುವುದಿಲ್ಲ.

ಡಾಕ್ಟರು ಕೇಳಿದ್ದಕ್ಕೆ ಯಾರಿಗೂ ಇಲ್ಲ ಎಂದದ್ದು ಸುಳ್ಳು. ನಮ್ಮಪ್ಪನಿಗೆ ಇತ್ತು.

ನೀನು ಈಗ, ಅದು ದೇವರಲ್ಲವೇ ಎನ್ನುತ್ತೀ. ನಾವೂ ಹಾಗೇ ಎಣಿಸಿದ್ದೆವು, ಅದಕ್ಕೇ ಯಾರಿಗೂ ಅದು ಈ ಪ್ರಶ್ನೆಯ ಉತ್ತರ ಎಂದು ಹೊಳೆಯಲಿಲ್ಲ. ನಾನೇ ನಿನಗೆ ಹೆಮ್ಮೆಯಿಂದ ಬರೆದೆ, ಉಣ್ಣಲು ಕೂತರೂ ದೇವರು ಬಿಡುತ್ತಿರಲಿಲ್ಲ ಎಂದು. ಆಗಸ್ಟಿನಲ್ಲಿ ನಿನ್ನ ಕಾಗದದಲ್ಲಿ ಡಾಕ್ಟರ ಪ್ರಶ್ನೆಯನ್ನು ಓದಿದಾಗ ಮಾತ್ರ ನನಗೆ ಅಪ್ಪನ ಕತ್ತು ನೆನಪಾಯಿತು. ಆಮೇಲೆ ನಿನಗೆ ಕಡಲೆಕಾಯಿಯ ಸುದ್ದಿ ಬರೆದೆ.

ಅಪ್ಪನಿಗೆ ಅದು ಶುರುವಾದದ್ದು ಹರಿಯ ವಯಸ್ಸಿನಲ್ಲಂತೆ. ನಾರಾಯಣಪ್ಪ ಎಂದು ಯಾರೂ ಕರೆಯುತ್ತಿರಲಿಲ್ಲವಂತೆ, ಕತ್ತು ಕುಣಿಸುವವನು ಎಂದೇ ಹೆಸರು. ಹೆಣ್ಣು ಕೊಡುವವರಿರಲಿಲ್ಲ. ಅವ್ವನ ಮನೆಯಲ್ಲಿ ಹೆಣ್ಣುಮಕ್ಕಳು ಹೆಚ್ಚು, ಕೊಟ್ಟರು. ಮದುವೆಯಾದ ವರ್ಷ ಅಮಾವಾಸ್ಯೆಯ ಪೂಜೆಯಲ್ಲಿ ಹಳೆಯ ಗುಡ್ಡಪ್ಪ ಅಪ್ಪನ ಕತ್ತು ನೋಡಿ, ಇದು ಮುನಿಯಪ್ಪನ ಎಳೆತ ಎಂದು ಬೆತ್ತ ಕೊಟ್ಟರು. ನಿನ್ನೆಯವರೆಗೆ ನಕ್ಕವರು ಅಂದಿನಿಂದ ಕಾಲಿಗೆ ಬಿದ್ದರು. ಅವ್ವನಿಗೆ ಆ ದೇವರು ಎಷ್ಟು ಬೇಕಾಗಿದ್ದನೆಂದು ನನಗೆ ಈಗ ಅರ್ಥವಾಗುತ್ತದೆ.

ಊರಾಚೆ ಹೋದರೆ ಆ ದೇವರು ನಡೆಯುತ್ತಿರಲಿಲ್ಲ. ಮೇಟ್ಟೂರು ಬಸ್ಸಿನಲ್ಲಿ ಅಪ್ಪ ಟವಲನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಕೂರುತ್ತಿದ್ದರು. ಕಂಡಕ್ಟರು ಒಮ್ಮೆ ಅವರಂತೆಯೇ ಮಾಡಿ ತೋರಿಸಿದ, ಬಸ್ಸೆಲ್ಲ ನಕ್ಕಿತು. ನನಗೆ ಆಗ ಹದಿನಾಲ್ಕು. ಇಳಿದು ನಡೆಯುವಾಗ ಅಪ್ಪ ತಾವಾಗಿ ಹೇಳಿದರು, “ದೇವ್ರು ಬರೋದು ಅಮಾಸೆಗೆ ಮಾತ್ರ ಪುಷ್ಪಾ. ಮಿಕ್ಕ ದಿನ ಬರೋದು ಏನು ಅಂತ ನಂಗೂ ಗೊತ್ತಿಲ್ಲ. ಅವ್ವಂಗೆ ಏಳ್ಬೇಡ.”

ಇವತ್ತಿನವರೆಗೆ ಹೇಳಿಲ್ಲ.

ಮಾತ್ರೆಯಿಂದಲೇ ಬಂತೋ, ರಕ್ತದಲ್ಲಿ ಮಲಗಿದ್ದು ಎದ್ದು ಬಂತೋ, ಅದನ್ನು ಡಾಕ್ಟರು ಹೇಳಲಿ. ಆದರೆ ನೀನೊಬ್ಬಳೇ ಹೊತ್ತುಕೊಂಡು ತಿರುಗುವ ಹೊರೆ ಇದಲ್ಲ. ಈ ಕಾಗದವನ್ನು ತಮ್ಮನಿಗೆ ಓದಿ ಹೇಳು. ಅವನು ಚಿಕ್ಕವನಿದ್ದ, ನೆನಪಿರಲಾರದು. ಕೇಳಿದರೆ ಮಗುವನ್ನು ನಿನ್ನಿಂದ ಕಿತ್ತುಕೊಳ್ಳುವುದಿಲ್ಲ. ಅವ್ವನ ಕಿವಿಗೆ ಮಾತ್ರ ಬೀಳದಿರಲಿ. ಅವಳಿಗೆ ಉಳಿದಿರುವುದು ಅಷ್ಟೇ.

ಪುಷ್ಪ


ಸೇಲಂ
27-2-1997

ಅತ್ತಿಗೆ,

ನಿಮ್ಮ ಕಾಗದವನ್ನು ಮೊದಲು ನಾನೊಬ್ಬಳೇ ಓದಿದೆ. ಓದಿ ನೆಲದ ಮೇಲೆ ಮಲಗಿಬಿಟ್ಟೆ. ಎಷ್ಟೋ ತಿಂಗಳಿಂದ ಬೆನ್ನಿನ ಮೇಲೆ ಕೂತಿದ್ದವರು ಯಾರೋ ಎದ್ದು ಹೋದಂತಾಯಿತು. ಅದಕ್ಕಾಗಿ ನಿಮ್ಮ ಪಾದ ಮುಟ್ಟಬೇಕು ನಾನು.

ಇವರು ಆಫೀಸಿನಿಂದ ಬಂದು ಬೂಟು ಬಿಚ್ಚುತ್ತಿದ್ದಾಗ ಎದುರು ಕೂತು ಓದಿದೆ. ಒಂದು ಸಾಲೂ ಬಿಡಲಿಲ್ಲ, ಬಸ್ಸಿನ ಸಂಗತಿಯನ್ನೂ ಓದಿದೆ. ಇವರು ಬೂಟಿನ ದಾರ ಹಿಡಿದುಕೊಂಡು ಹಾಗೇ ಕೂತಿದ್ದರು. ಮುಗಿದ ಮೇಲೆ ನಿಜವೇ ಎಂದು ಕೇಳುತ್ತಾರೆ, ಅಥವಾ ಅಕ್ಕ ಸುಳ್ಳು ಹೇಳುತ್ತಾಳೆ ಎನ್ನುತ್ತಾರೆ ಎಂದು ಕಾದೆ. ಎರಡೂ ಇಲ್ಲ. “ಅಕ್ಕ ಇದನ್ನ ಯಾಕೆ ಬರೆದ್ಲು?” ಎಂದರು.

ಅಷ್ಟರಿಂದಲೇ ನನಗೆ ಎಲ್ಲ ತಿಳಿಯಿತು. ಅವರಿಗೆ ನೆನಪಿತ್ತು. ಚಿಕ್ಕವನಿದ್ದ ಎಂದು ನೀವು ಬರೆದಿರಿ. ಕೊಳತ್ತೂರಿನ ಶಾಲೆಯಲ್ಲಿ ಹುಡುಗರು ಅವರ ಎದುರು ಅವರಪ್ಪನ ಕತ್ತಿನಂತೆ ಮಾಡಿ ತೋರಿಸುತ್ತಿದ್ದರಂತೆ. ಅದಕ್ಕೇ ಆರನೆಯ ಕ್ಲಾಸಿಗೆ ಹಟ ಮಾಡಿ ಸೇಲಂ ಹಾಸ್ಟೆಲ್ಲಿಗೆ ಬಂದದ್ದಂತೆ. ಆ ರಾತ್ರಿ ಒಂದೊಂದೇ ಹೇಳಿದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ. ಡಾಕ್ಟರ ಮುಂದೆ ಏಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, “ಅಪ್ಪನ ಕಾಲಿಗೆ ಊರೇ ಬೀಳ್ತಿತ್ತು. ಅವರನ್ನ ಒಂದು ರೋಗದ ಹೆಸರಲ್ಲಿ ಬರೆಸೋಕೆ ನನ್ನ ಕೈಲಾಗಲಿಲ್ಲ,” ಎಂದರು. ನನ್ನ ಹೆಸರಿನಲ್ಲಿ ಬರೆಸಲು ಹೇಗೆ ಆಯಿತು ಎಂದು ನಾನು ಕೇಳಲಿಲ್ಲ. ಅವರು ಅಳುತ್ತಿದ್ದರು.

ಮರುದಿನ ನಾನೊಬ್ಬಳೇ ಡಾಕ್ಟರ ಹತ್ತಿರ ಹೋದೆ. ಕೇಳಿ ಅವರು ಪೆನ್ನು ಕೆಳಗಿಟ್ಟರು. ಮನೆತನದಲ್ಲಿ ಇದೆಯೆಂದು ಮೊದಲೇ ತಿಳಿದಿದ್ದರೆ ಆ ಮಾತ್ರೆ ಬರೆಯುತ್ತಲೇ ಇರಲಿಲ್ಲ ಎಂದರು. ಹಾಗಾದರೆ ಮಾತ್ರೆ ಇಲ್ಲದಿದ್ದರೆ ಬರುತ್ತಿರಲಿಲ್ಲವೇ ಎಂದು ಕೇಳಿದೆ. ಬರುತ್ತಿತ್ತೋ ಏನೋ, ಇನ್ನೊಂದು ವರ್ಷಕ್ಕೋ ಎರಡು ವರ್ಷಕ್ಕೋ, ಯಾರೂ ಹೇಳಲಾರರು ಎಂದರು. ದೊಡ್ಡವನಾಗುತ್ತಾ ಕಡಿಮೆಯಾಗಲೂಬಹುದಂತೆ. ಇಷ್ಟು ದಿನ ಅಪರಾಧ ಪೂರ್ತಿ ನನ್ನದಾಗಿತ್ತು. ಈಗ ಎಷ್ಟು ಪಾಲು ನನ್ನದು ಎಂದೂ ಗೊತ್ತಾಗದ ಹಾಗಾಯಿತು. ಇದು ಹಗುರವೋ ಭಾರವೋ, ನನಗೆ ತಿಳಿಯುತ್ತಿಲ್ಲ.

ನಿಮ್ಮ ಕಾಗದದಿಂದ ಹರಿ ನನ್ನ ಹತ್ತಿರ ಉಳಿಯುತ್ತಾನೆ ಎಂದುಕೊಂಡಿರಿ. ನಾನೂ ಅಂದುಕೊಂಡೆ. ಇವರು ಈಗ ತಡೆಯುವುದಿಲ್ಲ, ನಿನ್ನಿಷ್ಟ ಎಂದರು. ನಿನ್ನೆ ಹರಿಯನ್ನು ಕೂರಿಸಿಕೊಂಡು ಕೇಳಿದೆ. ಬೇರೆ ಶಾಲೆ ನೋಡುತ್ತೇನೆ, ನಾನೇ ಬಿಟ್ಟು ನಾನೇ ಕರೆದುಕೊಂಡು ಬರುತ್ತೇನೆ, ಇಲ್ಲೇ ಇರುತ್ತೀಯಾ ಕಂದ ಎಂದೆ. ಕಡಗವನ್ನು ಒಂದು ಸುತ್ತು ತಿರುಗಿಸಿದ. ಆಮೇಲೆ, “ನಾನು ಅಜ್ಜಿ ಊರಿಗೆ ಹೋಗ್ತೀನಮ್ಮ. ಅಲ್ಲಿ ನನ್ನ ನೋಡಿ ಯಾರೂ ನಗಲ್ಲ,” ಎಂದ. ನಿನ್ನ ತಾತನೂ ಹೀಗೇ ಇದ್ದರು, ಅದು ದೇವರಲ್ಲ, ನೀನು ಹೆದರಬೇಡ ಎಂದು ಹೇಳಬೇಕೆಂದು ಬಾಯಿ ತೆರೆದೆ. ಹೇಳಿದರೆ ಅವನಿಗೆ ಆ ಊರೂ ಇರುವುದಿಲ್ಲ ಎನ್ನಿಸಿತು. ಸುಮ್ಮನಾದೆ. ಈಗ ನಾನೂ ನಿಮ್ಮ ಮನೆಯವಳಾದೆ ನೋಡಿ.

ಭಾನುವಾರದ ಬಸ್ಸಿಗೆ ಬರುತ್ತಾನೆ. ಬಟ್ಟೆ, ಪುಸ್ತಕ ಎಲ್ಲ ಕಟ್ಟಿದ್ದೇನೆ. ಮಾತ್ರೆ ಯಾವುದೂ ಇಲ್ಲ, ಚೀಲ ನೀವೇ ತೆಗೆದು ನೋಡಬಹುದು. ತಿಂಗಳಿಗೊಮ್ಮೆ ಬರುತ್ತೇನೆ. ಮಲಗುವಾಗ ಬೆನ್ನು ತಟ್ಟಬೇಕು, ಇಲ್ಲದಿದ್ದರೆ ಹೊರಳಾಡುತ್ತಾನೆ.

ಅವನ ಕತ್ತು ಎಳೆದಾಗ ಅತ್ತೆಯವರು ಕೈ ಮುಗಿಯುತ್ತಾರೆ, ಮುಗಿಯಲಿ. ಚಿಕ್ಕಪ್ಪನೂ ಊರಿನವರೂ ಮುಗಿಯಲಿ. ಆ ಮನೆಯಲ್ಲಿ ನೀವೊಬ್ಬರು ಮಾತ್ರ ಮುಗಿಯಬೇಡಿ, ಅತ್ತಿಗೆ. ಹತ್ತಿರ ಕರೆದು, ಕತ್ತು ನೋಯುತ್ತಿದೆಯಾ ಮಗು ಎಂದು ಕೇಳಿ.

ಕಮಲಿನಿ